ಲಿವಿನ್ಯೊ ಸುತ್ತ ಗ್ರಾವೆಲ್ ಸವಾರಿ: ಯಾವ ಸುತ್ತು, ಎಷ್ಟು ಗೇರ್, ಏನೇನು ಒಯ್ಯಬೇಕು?

ಕರ್ವೆನಗರದವ (ಪುಣೆ)

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಮೊದಲ ವಾರ ಇಟಲಿಯ ಲಿವಿನ್ಯೊ ಹಳ್ಳಿಯಲ್ಲಿ ಆರು ದಿನ ಉಳಿದು ಗ್ರಾವೆಲ್ ಸವಾರಿ (ಜಲ್ಲಿ, ಮಣ್ಣಿನ ದಾರಿಗಳಲ್ಲಿ ಸೈಕಲ್ ಸವಾರಿ) ಮಾಡಬೇಕೆಂದಿದ್ದೇನೆ. ಹಳ್ಳಿ ಇರುವುದೇ 1,816 ಮೀಟರ್ ಎತ್ತರದಲ್ಲಿ. ನಕ್ಷೆ ನೋಡಿ ಎರಡು ಸುತ್ತು ಗುರುತು ಹಾಕಿಕೊಂಡಿದ್ದೇನೆ.

ಮೊದಲನೆಯದು: ಲಿವಿನ್ಯೊ, ಆಲ್ಪಿಸೆಲ್ಲಾ ಪಾಸ್ (ಪಾಸ್ ಅಂದರೆ ಬೆಟ್ಟಸಾಲು ದಾಟುವ ದಾರಿಯ ನೆತ್ತಿ), ಸಾನ್ ಜಾಕೊಮೊ ಕೆರೆ, ತ್ರೇಲಾ ಪಾಸ್, ತ್ರೆಪಾಲ್ಲೆ, ವಾಪಸ್ ಲಿವಿನ್ಯೊ.
ಎರಡನೆಯದು: ಆಲ್ಪಿಸೆಲ್ಲಾ, ವಾಲ್ ಮೋರಾ, ಸ್ವಿಸ್ ಕಡೆಯ ಸಾಂತಾ ಮರಿಯಾ, ಉಂಬ್ರಾಯ್ಲ್ ಪಾಸ್, ಬೋರ್ಮಿಯೊ, ಫೊಸ್ಕಾನ್ಯೊ ಪಾಸ್ ಹತ್ತಿ ಅದೇ ದಿನ ವಾಪಸ್.

ಬೈಕ್: 11 ಸ್ಪೀಡ್ ಜಿಆರ್‌ಎಕ್ಸ್ (ಶಿಮಾನೋದ ಗ್ರಾವೆಲ್ ಗೇರ್ ಸೆಟ್), ಮುಂದೆ ಪೆಡಲ್ ಬಳಿ ಒಂದೇ 40 ಹಲ್ಲಿನ ಚೈನ್‌ರಿಂಗ್, ಹಿಂದಿನ ಗಾಲಿಯಲ್ಲಿ 11ರಿಂದ 42 ಹಲ್ಲಿನ ಕ್ಯಾಸೆಟ್ (ಹಲ್ಲುಚಕ್ರಗಳ ಕಟ್ಟು). ಟ್ಯೂಬ್‌ಲೆಸ್ 700×40 (40 ಮಿ.ಮೀ. ಅಗಲದ) ಟೈರ್, ಹೈಡ್ರಾಲಿಕ್ ಡಿಸ್ಕ್. ನನ್ನ ತೂಕ 75 ಕಿಲೊ, ಬೈಕು ಮತ್ತು ಚೀಲ ಸೇರಿ 13. ಒಂದು ಗಂಟೆ ಹಿಡಿದಿಡಬಲ್ಲ ಶಕ್ತಿ ಪುಣೆಯಲ್ಲಿ ಸುಮಾರು 200 ವಾಟ್.

ಪ್ರಶ್ನೆಗಳು: ಈ ಎರಡು ಸುತ್ತು ಗ್ರಾವೆಲ್ ಬೈಕಿಗೆ ಆಗುತ್ತವೆಯೇ? 40/42 ಸಾಕೇ? 40ರ ಟೈರ್ ಇರಲೋ 45ಕ್ಕೆ ಹೋಗಲೋ? ಬೈಕ್ ಇಲ್ಲಿಂದ ಒಯ್ಯಲೋ ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಲೋ? ಕೊನೆಯದಾಗಿ, ಪುಣೆಯ ಮಳೆಗಾಲದಲ್ಲಿ ಇದಕ್ಕೆ ತಯಾರಿ ಹೇಗೆ?

---

ಜಲ್ಲಿದಾರಿ (ಕೋಥ್ರೂಡ್, ಪುಣೆ)

ಎರಡನೇ ಸುತ್ತಿನ ಲೆಕ್ಕ ಮೊದಲು ಹಾಕೋಣ, ಯಾಕೆಂದರೆ ಅದನ್ನು ನೀವು ದೂರದಲ್ಲಿ ಅಳೆದಿದ್ದೀರಿ. ಆಲ್ಪ್ಸ್‌ನಲ್ಲಿ ದಿನವನ್ನು ಏರಿನಲ್ಲಿ ಅಳೆಯಬೇಕು. ಲಿವಿನ್ಯೊ ಕೆರೆಯಿಂದ ಆಲ್ಪಿಸೆಲ್ಲಾ ಪಾಸ್‌ಗೆ (ಸುಮಾರು 2,270 ಮೀ.) 450 ಮೀಟರ್ ಏರು. 1,950ರ ಸಾನ್ ಜಾಕೊಮೊಗೆ ಇಳಿದು, ವಾಲ್ ಮೋರಾ ದಾಟಿ ಡಸ್ ರಾದೊಂದ್‌ಗೆ (2,234) ಮತ್ತೆ 300. ಅಲ್ಲಿಂದ ಸಾಂತಾ ಮರಿಯಾಗೆ ಇಳಿದರೆ 1,375ರಲ್ಲಿ ಇರುತ್ತೀರಿ. ಉಂಬ್ರಾಯ್ಲ್ 2,501ರಲ್ಲಿದೆ, ಅಂದರೆ ಒಂದೇ ಏಟಿಗೆ 1,125. ಬೋರ್ಮಿಯೊ 1,225, ಫೊಸ್ಕಾನ್ಯೊ 2,291, ಅದೊಂದು 1,065. ತ್ರೆಪಾಲ್ಲೆ ಆದಮೇಲೆ ಎಯ್ರಾ ಪಾಸ್ (2,208) ಹತ್ತಲು ಇನ್ನೊಂದು 200. ಒಟ್ಟು 3,100 ಮೀಟರ್ ದಾಟುತ್ತದೆ. ಅದರಲ್ಲಿ ಬಹುಪಾಲು ಡಾಂಬರು ಬೇರೆ. ಉಂಬ್ರಾಯ್ಲ್‌ನಲ್ಲಿ ಮೊದಲು ನಡುವೆ ಒಂದು ತುಂಡು ಮಣ್ಣಿನ ದಾರಿ ಇತ್ತು, 2015ರಲ್ಲಿ ಅದಕ್ಕೂ ಡಾಂಬರು ಬಿತ್ತು. ಗ್ರಾವೆಲ್‌ಗೆಂದೇ ಹೋಗುವವರು ಅದನ್ನು ಪೂರ್ತಿ ಬಿಡಬಹುದು.

ಮೊದಲನೇ ಸುತ್ತಿನಲ್ಲಿ ತೊಂದರೆ ತ್ರೇಲಾ. ಸಾನ್ ಜಾಕೊಮೊದಿಂದ ಮಾಲ್ಗಾ ತ್ರೇಲಾವರೆಗೆ (ಮಾಲ್ಗಾ ಅಂದರೆ ಬೇಸಿಗೆಯಲ್ಲಿ ದನ ಮೇಯಿಸಿ ಗಿಣ್ಣು, ಅಂದರೆ ಚೀಸ್, ಮಾಡುವ ದೊಡ್ಡಿಮನೆ) ಬಂಡಿದಾರಿ ಇದೆ. ಅದರಾಚೆ ಸುಮಾರು 2,295ರ ಪಾಸ್ ದಾಟಿ ತ್ರೆಪಾಲ್ಲೆ ಕಡೆಗೆ ಹೋಗುವುದು ಕಾಲುದಾರಿಯ ಜಾತಿಯದ್ದು. ಸಸ್ಪೆನ್ಷನ್ ಇರುವ ಎಂಟಿಬಿಗೆ (ಮೌಂಟನ್ ಬೈಕಿಗೆ) ಸುಖ, ಬಾಗಿದ ಹ್ಯಾಂಡಲ್‌ನ ಬೈಕಿಗೆ ಅಲ್ಲಲ್ಲಿ ಇಳಿದು ತಳ್ಳುವ ಕೆಲಸ.

ಅದರ ಬದಲು ಇದು ಮಾಡಿ. ಈ ಸೀಮೆಯಲ್ಲಿ ಗ್ರಾವೆಲ್ ಬೈಕಿಗೆ ಇದಕ್ಕಿಂತ ಒಳ್ಳೆಯ ಸುತ್ತು ನನಗೆ ತೋಚುವುದಿಲ್ಲ:

ಹಳ್ಳಿಯಿಂದ ಸೈಕಲ್ ದಾರಿ ಹಿಡಿದು ಕೆರೆಯ ಕಡೆಗೆ, ಪೊಂತೆ ದೆಲ್ಲೆ ಕಾಪ್ರೆ (ಮೇಕೆಗಳ ಸೇತುವೆ) ಹತ್ತಿರ ಆಲ್ಪಿಸೆಲ್ಲಾ ಕಣಿವೆಗೆ ತಿರುವು. ಮೊದಲ ತುಂಡು ಕಾಡಿನೊಳಗೆ, ಇಡೀ ಏರಿನಲ್ಲಿ ಅದೇ ಅತಿ ಕಡಿದು. ಹೊಸಬರು ಅಲ್ಲೇ ದಮ್ಮು ಮುಗಿಸಿಕೊಳ್ಳುತ್ತಾರೆ. ಆಮೇಲೆ ಕಣಿವೆ ತೆರೆದುಕೊಂಡು ಏರು ಸಡಿಲವಾಗುತ್ತದೆ. ಪಾಸ್ ದಾಟಿದ ಕೂಡಲೇ ಆದ್ದಾ ನದಿಯ ಮೂಲ. ನೀವು ಏರಿ ಬಂದ ಕಡೆಯ ನೀರು ಸ್ಪೋಲ್, ಇನ್, ಡ್ಯಾನ್ಯೂಬ್ ಹಿಡಿದು ಕಪ್ಪು ಸಮುದ್ರಕ್ಕೆ ಹೋದರೆ, ಇಳಿಯುವ ಕಡೆಯದು ಪೋ ನದಿ ಸೇರಿ ಏಡ್ರಿಯಾಟಿಕ್‌ಗೆ. ನಮ್ಮ ಸಹ್ಯಾದ್ರಿಯ ನೆತ್ತಿಯಲ್ಲಿ ನಿಂತು ಭೀಮೆಯ ಕಡೆ, ಕೊಂಕಣದ ಕಡೆ ನೋಡಿದ ಹಾಗೆಯೇ.

ಕೆಳಗೆ ಸಾನ್ ಜಾಕೊಮೊ, ಕಾಂಕಾನೊ ಎರಡು ಜಲಾಶಯಗಳ ದಡದ ಜಲ್ಲಿದಾರಿ, ನಂತರ ತೊರ್ರಿ ದಿ ಫ್ರಾಎಲೆ ಎಂಬ ಎರಡು ಹಳೆಯ ಗೋಪುರಗಳು. ಡಾಂಬರು ಇಲ್ಲಿಂದ ಹಾವಿನ ಹಾಗೆ ಸುತ್ತಿ ಕಣಿವೆಗೆ ಇಳಿಯುತ್ತದೆ. 2020ರ ಜೀರೊ ದಿ'ಇತಾಲಿಯಾ ಸೈಕಲ್ ರೇಸಿನ 18ನೇ ಹಂತ ಇದೇ ತಿರುವುಗಳನ್ನು ಹತ್ತಿ ಕಾಂಕಾನೊದಲ್ಲಿ ಮುಗಿದದ್ದು. ನೀವು ಇಳಿಯಬೇಡಿ. ಗೋಪುರಗಳ ಹತ್ತಿರದಿಂದ ಆರ್ನೊಗಾ ಕಡೆಗೆ 'ದೆಕೊವಿಲ್' ಎಂಬ ದಾರಿ ಹೊರಡುತ್ತದೆ. ಜಲವಿದ್ಯುತ್ ಕಾಮಗಾರಿಯ ಸಾಮಾನು ಸಾಗಿಸಲು ಹಾಕಿದ್ದ ಪುಟ್ಟ ರೈಲಿನ ಹಾದಿ ಅದು, ಆದ್ದರಿಂದ ಬೆಟ್ಟದ ಪಕ್ಕೆಯಲ್ಲಿ ಹೆಚ್ಚುಕಡಿಮೆ ಸಮತಟ್ಟಾಗಿ 9 ಕಿ.ಮೀ. ಆಸುಪಾಸು ಓಡುತ್ತದೆ. ಆರ್ನೊಗಾದಲ್ಲಿ ಡಾಂಬರು ಸಿಗುತ್ತದೆ. ಫೊಸ್ಕಾನ್ಯೊಗೆ 400 ಚಿಲ್ಲರೆ ಮೀಟರ್, ಎಯ್ರಾಕ್ಕೆ 200, ಹಳ್ಳಿಗೆ ಇಳಿತ. ಒಟ್ಟು ಏರು 1,200 ಮೀಟರ್ ಹತ್ತಿರ.

ದಿಕ್ಕು ಇದೇ ಇರಲಿ, ತಿರುಗಿಸಬೇಡಿ. ಎತ್ತರದ, ನೆರಳಿಲ್ಲದ ಮಣ್ಣಿನ ಭಾಗ ಬೆಳಗ್ಗೆಯೇ ಮುಗಿಯುತ್ತದೆ. ಮಧ್ಯಾಹ್ನದ ಮೇಲೆ ಗುಡುಗು ಬಂದರೆ ನೀವು ಬೋರ್ಮಿಯೊ–ಲಿವಿನ್ಯೊ ಬಸ್ಸು ಓಡುವ ರಸ್ತೆಯಲ್ಲಿರುತ್ತೀರಿ. ತಿರುಗುಮುರುಗಾಗಿ ಹೋದರೆ ಗುಡುಗಿನ ಹೊತ್ತಿಗೆ ಪಾಸ್ ಮೇಲೆ ನಿಲ್ಲಬೇಕಾಗುತ್ತದೆ, ಆಮೇಲೆ ಕಾಡಿನ ಆ ಕಡಿದಾದ ತುಂಡನ್ನು ಒದ್ದೆಯಲ್ಲಿ ಇಳಿಯಬೇಕು.

ಇದನ್ನು ಮೊದಲ ದಿನಕ್ಕೂ ಇಡಬೇಡಿ. ಪುಣೆಯ 560 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 93ರಷ್ಟು, ಲಿವಿನ್ಯೊದಲ್ಲಿ 80, ಪಾಸ್‌ಗಳಲ್ಲಿ 76. ಮೊದಲೆರಡು ದಿನ ಫೆದೆರಿಯಾ ಕಣಿವೆಯ ಜಲ್ಲಿದಾರಿ, ಕಣಿವೆಯುದ್ದದ ಸೈಕಲ್ ದಾರಿ, ಅಷ್ಟೇ. ಮೂರನೇ ದಿನ ದೊಡ್ಡ ಸುತ್ತು.

ನಕ್ಷೆಯ ಬಗ್ಗೆ ಒಂದು ಮಾತು. ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಆ್ಯಪ್‌ಗಳಲ್ಲಿ 'ಟ್ರ್ಯಾಕ್' ಅಂದರೆ ಬಂಡಿ ಹೋಗುವ ದಾರಿ, 'ಪಾತ್' ಅಂದರೆ ಕಾಲುದಾರಿ. ಟ್ರ್ಯಾಕ್‌ಗೆ ಗ್ರೇಡ್ 1ರಿಂದ 5 ಇರುತ್ತದೆ. 1–3 ಇದ್ದರೆ ಗ್ರಾವೆಲ್ ಬೈಕಿಗೆ ನಿಶ್ಚಿಂತೆ. ಪಾತ್ ಇದ್ದು 'ಎಂಟಿಬಿ ಸ್ಕೇಲ್' 1 ಅಥವಾ ಮೇಲೆ ಅಂತ ಬರೆದಿದ್ದರೆ, ಅಲ್ಲಿ ಗಂಟೆಗೆ 4 ಕಿ.ಮೀ. ನಡಿಗೆಯ ವೇಗ ಹಿಡಿದು ಸಮಯ ಲೆಕ್ಕ ಹಾಕಿ. ತ್ರೇಲಾದಂಥ ಕಡೆ ಮೋಸ ಹೋಗುವುದು ಈ ಭೇದ ನೋಡದೆ ಗೆರೆಯನ್ನಷ್ಟೇ ಹಿಂಬಾಲಿಸಿದಾಗ.

---

ಮುರಕಲ್ಲು_ಮಡಗಾಂವ್ (ಗೋವಾ)

ಜಲ್ಲಿದಾರಿಯವರು ಹೇಳಿದ ಸುತ್ತು ಸರಿಯಾಗಿದೆ. ವಾಲ್ ಮೋರಾವನ್ನು ಮಾತ್ರ ಪೂರ್ತಿ ಕೈಬಿಡಬೇಡಿ ತಮ್ಮಾ, ಅದಕ್ಕೆ ಬೇರೆ ದಿನ ಕೊಡಿ. ಸಾನ್ ಜಾಕೊಮೊ ಕೆರೆಯ ಮೇಲ್ತುದಿಯಿಂದ ಗಡಿ ದಾಟಿದ ಮೇಲೆ ಒಂದು ಭಾಗ ಕಿರಿದಾದ ಕಾಲುದಾರಿ, ಮೇಲಿನಿಂದ ಜಾರಿದ ಕಲ್ಲುರಾಶಿಯ ಅಡ್ಡಕ್ಕೆ ಹೋಗುತ್ತದೆ. ಒಂದು ಬದಿ ಬೆಟ್ಟ, ಇನ್ನೊಂದು ಬದಿ ಕೆಳಗೆ ಹೊಳೆ. ಸಪಾಟಾಗಿದೆ, ಆದರೆ ಹ್ಯಾಂಡಲ್ ಚೀಲ ಅಗಲವಾಗಿದ್ದರೆ ಬೆಟ್ಟದ ಬದಿಗೆ ತಾಗಿ ನಿಮ್ಮನ್ನು ಹೊಳೆಯ ಕಡೆ ತಳ್ಳುತ್ತದೆ. ಆ ದಿನ ಮುಂದಿನ ಚೀಲ ಬಿಚ್ಚಿ ಸೀಟಿನ ಹಿಂದೆ ಕಟ್ಟಿ. ಎದುರಿಗೆ ನಡೆಯುವವರು ಬಂದರೆ ನಾವೇ ಇಳಿದು ನಿಲ್ಲುವುದು ಅಲ್ಲಿಯ ಪದ್ಧತಿ. ಆಲ್ಪ್ ಮೋರಾ ಬಂದ ಮೇಲೆ ಮತ್ತೆ ಅಗಲ ಜಲ್ಲಿದಾರಿ, ಡಸ್ ರಾದೊಂದ್ ದಾಟಿ ಸಾಂತಾ ಮರಿಯಾವರೆಗೆ.

ವಾಪಸ್ ಬರಲು ಉಂಬ್ರಾಯ್ಲ್ ಬೇಡ. ಓಫೆನ್‌ಪಾಸ್ (2,149) ಕಡೆಯಿಂದ ಬನ್ನಿ: 775 ಮೀಟರ್ ಡಾಂಬರು ಏರು, ಅಥವಾ ಅಷ್ಟನ್ನು ಹಳದಿ ಪೋಸ್ಟ್ ಬಸ್ಸಿನಲ್ಲಿ. ಬೈಕಿಗೆ ಜಾಗ ಮೊದಲೇ ಕಾದಿರಿಸಬೇಕು. ಪುಂತ್ ಲಾ ದ್ರೊಸ್ಸಾದಲ್ಲಿ ಮುಂತ್ ಲಾ ಷೇರಾ ಸುರಂಗ ಶುರು. 3 ಕಿ.ಮೀ.ಗೂ ಮೇಲೆ ಉದ್ದ, ಒಂದೇ ಲೇನ್, ಒಳಗೆ ಸೈಕಲ್ ತುಳಿಯಲು ಬಿಡುವುದಿಲ್ಲ. ಬೇಸಿಗೆಯಲ್ಲಿ ಸೈಕಲ್‌ಗಳನ್ನು ದಾಟಿಸುವ ವಾಹನ ಓಡುತ್ತದೆ. ಅದರ ಕೊನೆಯ ಸಮಯವನ್ನು ಹಿಂದಿನ ಸಂಜೆಯೇ ಹಳ್ಳಿಯ ಪ್ರವಾಸಿ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ, ಇಡೀ ದಿನದ ವೇಳಾಪಟ್ಟಿ ಅದರಿಂದಲೇ ಹಿಂದಕ್ಕೆ ಎಣಿಸಬೇಕು.

ಇನ್ನೊಂದು, ಆ ರಸ್ತೆಯ ಎರಡೂ ಬದಿ ಸ್ವಿಸ್ ರಾಷ್ಟ್ರೀಯ ಉದ್ಯಾನ, 1914ರಿಂದ ಇದೆ. ಅದರೊಳಗಿನ ಕಾಲುದಾರಿಗಳಲ್ಲಿ ಸೈಕಲ್‌ಗೆ ಪೂರ್ತಿ ನಿಷೇಧ. ನಕ್ಷೆಯಲ್ಲಿ ಚೆಂದದ ಅಡ್ಡದಾರಿ ಕಂಡರೂ ರಸ್ತೆ ಬಿಡಬೇಡಿ.

ಈಗ ಇಳಿತ. ನಮ್ಮ ಮುರಕಲ್ಲಿನ ಗುಂಡುಹರಳಿನ ಮೇಲೆ ಟೈರ್ ಉರುಳಿ ಜಾರುತ್ತದೆ. ಅಲ್ಲಿಯದು ಡೋಲೊಮೈಟ್ ಸುಣ್ಣಕಲ್ಲು, ಹರಳು ಚೂಪು, ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಒಣಗಿದ್ದಾಗ ನಮ್ಮದಕ್ಕಿಂತ ಹಿಡಿತ ಚೆನ್ನಾಗಿರುತ್ತದೆ, ಅದರಿಂದಲೇ ಹುಮ್ಮಸ್ಸು ಬಂದು ವೇಗ ಏರಿಬಿಡುತ್ತದೆ. ತಿರುವಿನ ಹೊರ ಅಂಚಿನಲ್ಲಿ ಮಾತ್ರ ಸಡಿಲ ಕಲ್ಲು ರಾಶಿ ಬಿದ್ದಿರುತ್ತದೆ. ಬ್ರೇಕ್ ಎಲ್ಲ ತಿರುವಿಗೆ ಮೊದಲು, ನೇರ ಇರುವಾಗ. ತಿರುವಿನೊಳಗೆ ಬೆರಳು ಸಡಿಲ. ಕೈ ಹ್ಯಾಂಡಲ್‌ನ ಕೆಳಬಾಗಿನಲ್ಲಿ ಇರಲಿ, ಮೇಲಿನ ಹುಡ್ (ಬ್ರೇಕ್ ಲಿವರಿನ ರಬ್ಬರ್ ಹಿಡಿ) ಹಿಡಿದು ಕಡಿದಾದ ಇಳಿಜಾರು ಇಳಿದರೆ ಲಿವರ್ ಎಳೆಯಲು ಬಲ ಸಾಲದೆ ಅಂಗೈ ನೋಯುತ್ತದೆ.

ದನಗಳು ದಾರಿಯಲ್ಲೇ ಮಲಗಿರುತ್ತವೆ. ಕರು ಜೊತೆಗಿದ್ದರೆ ತಾಯಿ ಮತ್ತು ಕರುವಿನ ನಡುವೆ ನುಗ್ಗಬೇಡಿ, ಇಳಿದು ದೂರದಿಂದ ಸುತ್ತಿ. ದಾರಿಗೆ ಅಡ್ಡ ಕಟ್ಟಿದ ತೆಳು ತಂತಿ ವಿದ್ಯುತ್ ಬೇಲಿ. ಅದಕ್ಕೆ ಪ್ಲಾಸ್ಟಿಕ್ ಹಿಡಿಕೆಯ ಕೊಕ್ಕೆ ಇರುತ್ತದೆ. ಅದನ್ನೇ ಹಿಡಿದು ತೆಗೆಯಿರಿ, ದಾಟಿದ ಮೇಲೆ ತಪ್ಪದೆ ಹಾಕಿ. ದನ ಮೇಯುವ ಜಾಗದ ಕೆಳಗಿನ ತೊರೆಯ ನೀರನ್ನು ಕುಡಿಯಬಾರದು. ಬಾಟಲಿಗಳನ್ನು ಹಳ್ಳಿಯ ನಲ್ಲಿಯಲ್ಲೇ ತುಂಬಿಸಿಕೊಂಡು ಹೊರಡಿ.

---

ಗುಮ್ಮಟನಗರಿ (ಪಿಂಪ್ರಿ, ಪುಣೆ)

ಗೇರಿಂದು ಲೆಕ್ಕಾ ಹಾಕೇ ಹೇಳ್ತೀನಿ ನೋಡ್ರಿ. 700×40 ಟಾಯರಿನ ಸುತ್ತಳತಿ ಸುಮಾರು 2.2 ಮೀಟರ್. ಮುಂದ 40, ಹಿಂದ 42 ಅಂದ್ರ ಪೆಡಲ್ ಒಂದು ಸುತ್ತಿಗೆ 2.1 ಮೀಟರ್. ನಿಮಿಷಕ್ಕ 60 ಸುತ್ತು ತುಳದ್ರ ತಾಸಿಗೆ 7.5 ಕಿ.ಮೀ. ನಿಮ್ಮ ಒಟ್ಟು ಭಾರ 88 ಕಿಲೊ. ಶೇ. 12ರ ಖಡಿ ಏರಿನ್ಯಾಗ ಆ ವೇಗಕ್ಕ 235 ವಾಟ್ ಹತ್ರ ಬೇಕು. ನಿಮ್ಮಲ್ಲಿ ಇರೂದು ಪುಣೆದಾಗ 200, ಆ ಎತ್ತರದಾಗ ಅದು 180ಕ್ಕ ಇಳೀತೈತಿ. ಅಂದಮ್ಯಾಲ 40/42 ಸಾಕಾಗೂದಿಲ್ರಿ. ನಿಮಿಷಕ್ಕ 45 ಸುತ್ತಿಗೆ ಇಳದು ಮೊಣಕಾಲ ಮ್ಯಾಲ ಭಾರ ಹಾಕಿ ತುಳೀಬೇಕಾಗ್ತದ, ಹಿಂದಿನ ಗಾಲಿ ಖಡಿಯೊಳಗ ಪುಸಕ್ ಅಂತ ಜಾರ್ತದ.

ಎರಡು ಬದಲಾವಣಿ ಮಾಡ್ರಿ. ಮುಂದ 36ರ ನ್ಯಾರೋ-ವೈಡ್ (ಒಂದು ತೆಳು, ಒಂದು ದಪ್ಪ ಹಲ್ಲಿನ) ಚೈನ್‌ರಿಂಗ್. ನಿಮ್ಮ ಕ್ರ್ಯಾಂಕಿಂದು 110ರ ನಾಕು ಬೋಲ್ಟಿನ ಅಳತಿ, ಶಿಮಾನೋದವರ ಒಂಟಿ ರಿಂಗು 40, 42 ಅಷ್ಟ ಬರ್ತಾವ, ಬ್ಯಾರೆ ಕಂಪನಿದು ತರಸಬೇಕು. ಹಿಂದ 11 ಸ್ಪೀಡಿನ 11-46 ಕ್ಯಾಸೆಟ್. ಡಿರೇಲರಿಗೆ (ಹಿಂದ ಚೈನ್ ಸರಿಸೂ ಸಲಕರಣಿ) ಕಂಪನಿ ಹೇಳಿದ ಮಿತಿ 42, ಅದಕ್ಕ 46 ಹಾಕಿದಾಗ ಬಿ-ಸ್ಕ್ರೂ ಒಳಗ ತಿರುವಿ, ಮ್ಯಾಲಿನ ಪುಲ್ಲಿಗೂ 46ರ ಹಲ್ಲಿಗೂ ನಡುವ 5–6 ಮಿ.ಮೀ. ಸಂದಿ ಬರೂಹಂಗ ಮಾಡ್ರಿ. ಸ್ಕ್ರೂ ಪೂರ್ತಿ ಒಳಗ ಹೋದ್ರೂ ಪುಲ್ಲಿ ಉಜ್ಜತಿದ್ರ ಹ್ಯಾಂಗರ್ (ಡಿರೇಲರ್ ಫ್ರೇಮಿಗೆ ಕೂಡೂ ಲೋಹದ ತುಂಡು) ಎಕ್ಸ್‌ಟೆಂಡರ್ ಬೇಕು. ಒಂದು ಅನುಕೂಲ ಐತಿ: ಮೊದಲ 40 ಮತ್ತ 42 ಕೂಡಿ 82 ಹಲ್ಲು, ಈಗ 36 ಮತ್ತ 46 ಕೂಡಿದ್ರೂ 82. ಚೈನಿನ ಉದ್ದ ಅಷ್ಟ ಸಾಕು. ಆದ್ರ ಚೈನ್ ಶೇ. 0.5 ಸವದಿದ್ರ ಹೊಸಾ ಕ್ಯಾಸೆಟ್ ಮ್ಯಾಲ ಹಳೀದು ಹಾಕಬ್ಯಾಡ್ರಿ, ಭಾರ ಬಿದ್ದಾಗ ಜಿಗೀತದ. ಹಳೇ ಕ್ಯಾಸೆಟ್ ಬಿಚ್ಚಿದಾಗ ಹಬ್ಬಿನ ಬುಡದಾಗ 1.85 ಮಿ.ಮೀ. ತೆಳ್ಳನ ಬಳಿ ಇರ್ತದ, ರೋಡ್ ಹಬ್ ಇದ್ರ ಅದು ಹೊಸದಕ್ಕೂ ಬೇಕಾ ಬೇಕು. ಅದನ್ನ ಬಿಟ್ಟು ಬಿಗಿ ಮಾಡಿದ್ರ ಕ್ಯಾಸೆಟ್ ಅಲ್ಲಾಡ್ತದ. ಲಾಕ್‌ರಿಂಗ್ 40 ನ್ಯೂಟನ್-ಮೀಟರ್.

ಇಷ್ಟ ಮಾಡಿದ್ರ 60 ಸುತ್ತಿಗೆ 6.2 ಕಿ.ಮೀ., ಅದೇ ಏರಿಗೆ 195 ವಾಟ್. ಕಾಡಿನ ತುಂಡು ಸಣ್ಣದು, ಅಷ್ಟೊತ್ತು ತಡಕೋಬಹುದು. ಮ್ಯಾಲಿನ ವೇಗಕ್ಕ ಚಿಂತಿ ಬ್ಯಾಡ, 36/11ರಾಗ 85 ಸುತ್ತಿಗೆ ತಾಸಿಗೆ 36 ಬರ್ತದ.

ಟಾಯರ್ 45 ಹಾಕ್ರಿ, ಫ್ರೇಮಿನ ಎರಡೂ ಕಡೆ 4 ಮಿ.ಮೀ. ಜಾಗ ಉಳದ್ರ ಮಾತ್ರ. ನಿಮ್ಮ ತೂಕಕ್ಕ ಮುಂದ 28, ಹಿಂದ 31 ಪಿಎಸ್‌ಐ ಇಂದ ಶುರು ಮಾಡ್ರಿ. ಎತ್ತರಕ್ಕ ಹೋದಂಗ ಗೇಜಿನ ಒತ್ತಡ ಏರ್ತದ ಅಂತ ಕೆಲವರು ಹೆದರ್ತಾರ. ಹಳ್ಳಿಯಿಂದ ಪಾಸಿಗೆ 450 ಮೀಟರಿಗೆ ಒಂದು ಪಿಎಸ್‌ಐ ಕೂಡ ಏರೂದಿಲ್ಲ, ಮ್ಯಾಲಿನ ತಂಪಿಗೆ ಅದೂ ಸರಿಹೋಗ್ತದ. ಹಳ್ಳಿದಾಗ ಹೊಡದ ಗಾಳೀನ ಸಾಕು.

ಟಾಯರ್ ಹೊಸಾವ ಹಾಕ್ರಿ ಅನ್ನಾಕ ಇನ್ನೊಂದು ಕಾರಣ ಐತಿ. ಅಲ್ಲಿ ಚೂಪು ಕಲ್ಲು ಟಾಯರಿನ ಪಕ್ಕೀನ ಸೀಳ್ತದ. ಪಕ್ಕೀ ಸೀಳಿಗೆ ಪ್ಲಗ್ ನಿಲ್ಲೂದಿಲ್ಲ, ಬಟ್ಟಿ ಬಾಗತಾ ಇರ್ತದ, ಹತ್ತು ನಿಮಿಷಕ್ಕ ಉಗದು ಹೊರಗ ಬರ್ತದ. ಒಳಗ ತ್ಯಾಪಿ ಕೊಟ್ಟು ಟ್ಯೂಬ್ ಹಾಕೂದ ಉಪಾಯ. ಪುಣೆ ಸುತ್ತ ಒಂದು ವರ್ಷ ಓಡಿದ ಟ್ಯೂಬ್‌ಲೆಸ್ ಟಾಯರಿನ ಒಳಮೈ ಬೆರಳಲೆ ಸವರಿ ನೋಡ್ರಿ: ಜಾಲಿ ಮುಳ್ಳಿನ ತುದಿ ಚುಚ್ಚಕೊಂಡು ಕೂತಿರ್ತಾವ. ಸೀಲಂಟ್ (ತೂತು ತಾನಾಗೇ ಮುಚ್ಚೂ ದ್ರವ) ಇರೂತನಕ ಗೊತ್ತಾಗೂದಿಲ್ಲ. ಟ್ಯೂಬ್ ಹಾಕಿದ್ ಕೂಡಲೆ ಆ ಮುಳ್ಳ ಅದನ್ನ ತೂತು ಮಾಡ್ತದ, ಎರಡನೇ ಟ್ಯೂಬನ್ನೂ ಮಾಡ್ತದ. ಹಳೀ ಟಾಯರೇ ಒಯ್ಯೂದಾದ್ರ ಮನ್ಯಾಗ ಒಳಗ ಹೊರಗ ಮಾಡಿ ಇಕ್ಕಳದಿಂದ ಒಂದೊಂದ ಕಿತ್ತು, ಹೊಸಾ ಸೀಲಂಟ್ ಗಾಲಿಗೆ 80 ಮಿ.ಲೀ. ಹಾಕ್ರಿ.

ದಾರಿಮ್ಯಾಲೆ ಮಾಡೂ ಕ್ರಮ: ಒಂದ ಬದಿ ಟಾಯರ್ ಎಬ್ಬಿಸಿ, ವಾಲ್ವಿನ ನಟ್ ಬಿಚ್ಚಿ ವಾಲ್ವ್ ತಗೀರಿ. ಈ ನಟ್ ಇಕ್ಕಳದಿಂದ ಬಿಗಿ ಮಾಡಿದ್ರ ಬೆಟ್ಟದಾಗ ಬರಿಗೈಲೆ ಬಿಚ್ಚಾಕ ಬರೂದಿಲ್ಲ, ಅದಕ್ಕ ಯಾವಾಗಲೂ ಬೆರಳಿನಿಂದಷ್ಟ ಬಿಗಿ ಮಾಡ್ರಿ. ಸೀಳಿನ ಸುತ್ತ ಸೀಲಂಟ್ ಒರಸಿ, ಹಳೀ ಟಾಯರಿಂದ ಕತ್ತರಿಸಿದ 3×5 ಸೆಂ.ಮೀ. ತುಂಡು ಒಳಗಿಡ್ರಿ. ಟ್ಯೂಬಿಗೆ ಸ್ವಲ್ಪ ಗಾಳಿ ಹೊಡದು ದುಂಡಗ ಮಾಡೇ ಒಳಗ ಕೂಡಸ್ರಿ, ಇಲ್ಲಂದ್ರ ರಿಮ್ಮಿನ ಅಂಚಿಗೆ ಸಿಕ್ಕಿ ಹರೀತದ. 25 ಪಿಎಸ್‌ಐಗೆ ನಿಲ್ಲಿಸಿ ಸೀಳು ಉಬ್ಬಿತೇನು ನೋಡ್ರಿ, ಆಮ್ಯಾಲೆ ಉಳಿದದ್ದು.

ಬ್ರೇಕ್: ಮಳಿಗಾಲದ ಕೆಸರಿನ್ಯಾಗ ಓಡಿದ ಪ್ಯಾಡ್ ಹಂಗ ಒಯ್ಯಬ್ಯಾಡ್ರಿ. 0.5 ಮಿ.ಮೀ. ಉಳದ್ರ ಬದಲಿಸಬೇಕು ಅಂತ ಶಿಮಾನೋ ಹೇಳ್ತದ, 1 ಮಿ.ಮೀ. ಇದ್ರನೂ ಹೊಸದು ಹಾಕೇ ಹೋಗ್ರಿ. ಉದ್ದ ಇಳುಕಲಿಗೆ ಮೆಟಲ್ ಪ್ಯಾಡ್ ಛಲೋ, ಆದ್ರ ರೋಟರಿನ (ಬ್ರೇಕ್ ಡಿಸ್ಕಿನ) ಮ್ಯಾಲ 'ರೆಸಿನ್ ಪ್ಯಾಡ್ ಓನ್ಲಿ' ಅಂತ ಕೊರದಿದ್ರ ಮೆಟಲ್ ಹಾಕಾಕ ಬರೂದಿಲ್ಲ, ರೋಟರ್ ತಿಂದು ಹಾಕ್ತದ. ರೋಟರ್ 1.5 ಮಿ.ಮೀ.ಗೆ ಬಂದ್ರ ಅದೂ ಮುಗೀತು. ಹೊಸಾ ಪ್ಯಾಡ್ ಹಾಕಿದಮ್ಯಾಲ ಸಪಾಟ್ ರಸ್ತೆದಾಗ 25–30 ವೇಗದಿಂದ ನಡಿಗಿ ವೇಗಕ್ಕ 20 ಸಲ ಇಳಿಸ್ರಿ, ಗಾಲಿ ಪೂರ್ತಿ ನಿಲ್ಲಬಾರದು. ಇದನ್ನ ಇಲ್ಲೇ ಮುಗಿಸ್ರಿ, ಆಲ್ಪಿಸೆಲ್ಲಾ ಇಳುಕಲಿನ್ಯಾಗ ಅಲ್ಲ.

---

ಕರ್ವೆನಗರದವ

ಅಣ್ಣಾ, 82 ಹಲ್ಲಿನ ಲೆಕ್ಕ ಮನಸ್ಸಿನಲ್ಲಿ ಕೂತಿತು. ಫ್ರೇಮ್ ಅಳೆದೆ, 45ಕ್ಕೆ ಹಿಂದೆ 5 ಮಿ.ಮೀ. ಉಳಿಯುತ್ತದೆ. ಎರಡೂ ಬದಲಾವಣೆ ಮಾಡಿಸುತ್ತೇನೆ. ಅಕ್ಕಾ, ವಾಲ್ ಮೋರಾ ಐದನೇ ದಿನಕ್ಕೆ ಇಟ್ಟೆ. ಬೈಕ್ ಒಯ್ಯುವುದು, ವೀಸಾ, ತಯಾರಿ ಇವು ಉಳಿದವು. ಇನ್ನೊಂದು, ನಾನು ಮಾಂಸ, ಮೊಟ್ಟೆ ಮುಟ್ಟುವುದಿಲ್ಲ. ಬೆಟ್ಟದ ಮನೆಗಳಲ್ಲಿ ಏನು ಸಿಗುತ್ತದೆ?

---

ಮುಲುಂಡ್_ಮಾಣಿ (ಮುಂಬೈ)

ಗೇರ್ ಬದಲಿಸಿದ ಮೇಲೆ ಬೈಕ್ ಒಯ್ಯುವುದೇ ಸರಿ. ಲಿವಿನ್ಯೊದಲ್ಲಿ ಬಾಡಿಗೆ ಅಂಗಡಿ ಧಾರಾಳ ಉಂಟು, ಆದರೆ ಹೆಚ್ಚಿನದು ಎಂಟಿಬಿ ಮತ್ತು ಬ್ಯಾಟರಿ ಎಂಟಿಬಿ. ನಿಮ್ಮ ಅಳತೆಯ ಗ್ರಾವೆಲ್ ಬೇಕಾದರೆ ಮೊದಲೇ ಬರೆದು ಖಾತ್ರಿ ಮಾಡಿಕೊಳ್ಳಬೇಕು. ಬಾಡಿಗೆಯದೇ ಆದರೆ ಅಂಗಡಿ ಎದುರಿಗೇ ಯಾವ ಲಿವರ್ ಮುಂದಿನ ಬ್ರೇಕ್ ಅಂತ ಒತ್ತಿ ನೋಡಿ. ನಮ್ಮಲ್ಲಿ ಬಲಗೈಯದು ಮುಂದಿನದು, ಯುರೋಪಿನಲ್ಲಿ ಎಡಗೈಯದು ಇರುವುದು ಹೆಚ್ಚು. ಗಾಬರಿಯಲ್ಲಿ ಎಳೆದಾಗ ಇದೇ ಬೀಳಿಸುವುದು. ರಸ್ತೆಯಲ್ಲಿ ಬಲಬದಿ ಓಡಿಸಬೇಕು ಅನ್ನುವುದೂ ಅದರ ಜೊತೆ ಸೇರುತ್ತದೆ.

ಪೆಟ್ಟಿಗೆ: ಸೈಕಲ್ ಅಂಗಡಿಯಲ್ಲಿ ಹೊಸ ಬೈಕ್ ಬಂದ ರಟ್ಟಿನ ಪೆಟ್ಟಿಗೆ ಕೇಳಿ ಇಟ್ಟುಕೊಳ್ಳಿ. ಹಿಂದಿನ ಡಿರೇಲರನ್ನು ಹ್ಯಾಂಗರ್‌ನಿಂದ ಬಿಚ್ಚಿ, ಬಬಲ್ ರ್‍ಯಾಪ್ ಸುತ್ತಿ ಹಿಂದಿನ ತ್ರಿಕೋನದ ಒಳಗೆ ಕಟ್ಟಿ. ಹೆಚ್ಚಿನ ಬೈಕ್ ಕೆಡುವುದು ಹ್ಯಾಂಗರ್ ಬಾಗಿಯೇ. ಅದು ಒಂದೊಂದು ಫ್ರೇಮಿಗೆ ಒಂದೊಂದು ತರ, ಅಲ್ಲಿ ಹುಡುಕಿದರೆ ಸಿಗಲಿಕ್ಕಿಲ್ಲ. ಈಗಲೇ ಒಂದು ಹೆಚ್ಚಿನದು ತರಿಸಿ. ರೋಟರ್ ಬಿಚ್ಚಿ ಚಪ್ಪಟೆಯಾಗಿ ಇಡಿ, ಪ್ಯಾಡ್‌ಗಳ ನಡುವೆ ಹಳದಿ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ. ಇಲ್ಲದೆ ಲಿವರ್ ಒತ್ತಿಹೋದರೆ ಪಿಸ್ಟನ್ ಒಂದಕ್ಕೊಂದು ಅಂಟಿ ಕೂರುತ್ತದೆ. ಮುಂದಿನ ಫೋರ್ಕಿನ ಕಾಲುಗಳ ನಡುವೆ ಮರದ ತುಂಡು ಅಥವಾ ಹಳೆ ಹಬ್ ಇರಲಿ. ಟೈರ್ ಗಾಳಿ ಪೂರ್ತಿ ಬಿಡಬೇಡಿ, ಟ್ಯೂಬ್‌ಲೆಸ್ ರಿಮ್ ಬಿಟ್ಟು ಸೀಲಂಟ್ ಪೆಟ್ಟಿಗೆ ತುಂಬ ಹರಡುತ್ತದೆ. 15 ಪಿಎಸ್‌ಐ ಉಳಿಸಿ. ಗ್ಯಾಸ್ ಕಾರ್ಟ್ರಿಜ್ ಒಯ್ಯಬೇಡಿ, ಕೈಪಂಪು ಸಾಕು.

ಬೆಲೆಯುಳ್ಳ ಬೈಕ್ ಆದ್ದರಿಂದ ಹೊರಡುವಾಗಲೇ ಮುಂಬೈ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಫ್ರೇಮ್ ನಂಬರು, ಖರೀದಿ ಬಿಲ್ಲು, ಎರಡು ಫೋಟೊ. ವಾಪಸ್ ಬರುವಾಗ ಇದು ಅಲ್ಲಿ ಕೊಂಡದ್ದಲ್ಲ ಅಂತ ತೋರಿಸಲು ಅದೇ ಕಾಗದ. ಫ್ರೇಮ್ ನಂಬರು ಕ್ರ್ಯಾಂಕಿನ ಅಡಿಯಲ್ಲಿ ಇರುವುದು ಹೆಚ್ಚು, ಪೆಟ್ಟಿಗೆ ಕಟ್ಟುವ ಮೊದಲೇ ಚಿತ್ರ ತೆಗೆದಿಡಿ. ಬ್ಯಾಗೇಜ್ ಕೊಡುವ ಮೊದಲು ಇದು ಆಗಬೇಕು, ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ.

ವೀಸಾ: ರಾತ್ರಿಗಳೆಲ್ಲ ಇಟಲಿಯಲ್ಲಿ ಆದ್ದರಿಂದ ಇಟಲಿಯದೇ ಷೆಂಗನ್. ಸ್ವಿಟ್ಜರ್ಲೆಂಡ್ ಕೂಡ ಅದರಲ್ಲೇ ಬರುತ್ತದೆ, ವಾಲ್ ಮೋರಾಕ್ಕೆ ಬೇರೆ ಬೇಡ, ಆದರೆ ಪಾಸ್‌ಪೋರ್ಟ್ ಜೇಬಿನಲ್ಲಿ ಇರಬೇಕು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಬೇಸಿಗೆಯ ಸ್ಲಾಟ್ ಬೇಗ ಮುಗಿಯುತ್ತದೆ, ಈಗಲೇ ನೋಡಿ. ವಿಮೆ ಕನಿಷ್ಠ 30,000 ಯುರೊ ಬೇಕು ಅನ್ನುವುದು ವೀಸಾ ಶರತ್ತು. ನಿಮಗೆ ಬೇಕಾದ್ದು ಅದರ ಮೇಲೆ ಇನ್ನೊಂದು ಸಾಲು: ಬೆಟ್ಟದ ಸೈಕಲ್ ಸವಾರಿ ಮತ್ತು ಹೆಲಿಕಾಪ್ಟರ್ ರಕ್ಷಣೆ ಎರಡೂ ಪಾಲಿಸಿಯಲ್ಲಿ ಉಂಟಾ ಅಂತ ಓದಿ. ತುರ್ತು ಸಂಖ್ಯೆ ಇಟಲಿಯಲ್ಲಿ 112, ಸ್ವಿಸ್ ಕಡೆ ಹೆಲಿಕಾಪ್ಟರ್ ಸೇವೆ ರೇಗಾದ್ದು 1414.

ದಾರಿ: ಮಿಲಾನ್ ಸೆಂಟ್ರಾಲೆಯಿಂದ ತಿರಾನೊವರೆಗೆ ರೈಲು ಸುಮಾರು ಎರಡೂವರೆ ಗಂಟೆ, ಅಲ್ಲಿಂದ ಬೋರ್ಮಿಯೊ, ಲಿವಿನ್ಯೊ ಬಸ್. ಜ್ಯೂರಿಕ್‌ನಲ್ಲಿ ಇಳಿದರೆ ರೈಲಿನಲ್ಲಿ ಜರ್ನೆಜ್, ಅಲ್ಲಿಂದ ಅದೇ ಸುರಂಗದ ಮೂಲಕ ಬಸ್. ಪೆಟ್ಟಿಗೆ ಬಸ್ಸಿನ ಹೊಟ್ಟೆಗೆ ಹಿಡಿಯುತ್ತದಾ ಅಂತ ಕಂಪನಿಗೆ ಮೊದಲೇ ಅಳತೆ ಬರೆದು ಕೇಳಿ.

---

ಮುರಕಲ್ಲು_ಮಡಗಾಂವ್ (ಗೋವಾ)

ಊಟಕ್ಕೆ: ಆ ಸೀಮೆಯ ಪಿಟ್ಸೊಕ್ಕೇರಿ ನಿಮಗೆ ಹೇಳಿ ಮಾಡಿಸಿದ್ದು. ಬಕ್‌ವೀಟ್ ಹಿಟ್ಟಿನ ಪಟ್ಟಿ, ಆಲೂಗಡ್ಡೆ, ಕೋಸು, ಬೆಣ್ಣೆ, ಗಿಣ್ಣು. ಕೆಲವರು ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ, 'ಸೆಂಜಾ ಉಓವಾ?' (ಮೊಟ್ಟೆ ಇಲ್ಲದ್ದಾ?) ಎಂದು ಕೇಳಿ. ಪೊಲೆಂಟಾ ಅಂದರೆ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಅಂಬಲಿ, ಅದಕ್ಕೆ ಗಿಣ್ಣು ಅಥವಾ ಅಣಬೆ ಕೇಳಬಹುದು. ಅಲ್ಲಿಯ ಸಾಂಪ್ರದಾಯಿಕ ಗಿಣ್ಣುಗಳಲ್ಲಿ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಅದು ಆಗದಿದ್ದರೆ ಪೊಲೆಂಟಾ ಅಣಬೆಗೇ ನಿಲ್ಲಿ. ಬಿಸಿ ಅಡುಗೆ ಸಾಧಾರಣವಾಗಿ 12ರಿಂದ 2ರವರೆಗೆ ಮಾತ್ರ, ಮೂರಕ್ಕೆ ತಲುಪಿದರೆ ತಣ್ಣನೆಯ ಬ್ರೆಡ್ಡೇ ಗತಿ. ಚಪಾತಿ, ಶೇಂಗಾ ಚಟ್ನಿಪುಡಿ, ಬೆಲ್ಲದ ಚಿಕ್ಕಿ ಮೂರು ದಿನಕ್ಕಾಗುವಷ್ಟು ಒಯ್ಯಿರಿ, ಜೇಬಿನಲ್ಲಿ ಇರಲಿ.

ಬಟ್ಟೆ: ಲಿವಿನ್ಯೊಗೆ 'ಪುಟ್ಟ ಟಿಬೆಟ್' ಅಂತಲೇ ಅಡ್ಡಹೆಸರು, ಸೆಪ್ಟೆಂಬರ್ ಬೆಳಗ್ಗೆ 3–5 ಡಿಗ್ರಿ ಇರುವುದು ಸಾಮಾನ್ಯ. 1,000 ಮೀಟರ್ ಏರಿದರೆ ಆರೂವರೆ ಡಿಗ್ರಿ ಇಳಿಯುತ್ತದೆ. ಏರುವಾಗ ಬೆವರಿ, ಅದೇ ಒದ್ದೆ ಜರ್ಸಿಯಲ್ಲಿ ಇಳಿದರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗುವುದಿಲ್ಲ. ಪಾಸ್ ಮೇಲೆ ನಿಂತು ಒಣ ಬನಿಯನ್, ಗಾಳಿತಡೆ ಜಾಕೆಟ್, ಪೂರ್ತಿ ಬೆರಳಿನ ಕೈಗವಸು ಹಾಕಿಕೊಂಡೇ ಇಳಿಯಬೇಕು.

---

ಜಲ್ಲಿದಾರಿ (ಕೋಥ್ರೂಡ್, ಪುಣೆ)

ತಯಾರಿಗೆ ಸಿಂಹಗಡವೇ ಸಾಕು. ಡೋಣಜೆ ಕಡೆಯಿಂದ ಸುಮಾರು 9 ಕಿ.ಮೀ., 600 ಮೀಟರ್ ಮೇಲ್ಪಟ್ಟು ಏರು. ಎರಡು ಸಲ ಹತ್ತಿದರೆ ದೆಕೊವಿಲ್ ಸುತ್ತಿನ ಅಷ್ಟೂ ಏರು ಆಯಿತು. ಮಳೆಗಾಲದಲ್ಲಿ ಅಲ್ಲಿ ಕಲ್ಲು ಉರುಳುತ್ತದೆ, ಶನಿವಾರ ಭಾನುವಾರ ಕಾರುಗಳ ಸಾಲು. ಆದ್ದರಿಂದ ವಾರದ ನಡುವೆ, ಬೆಳಗ್ಗೆ ಆರರ ಒಳಗೆ ಬುಡ ಬಿಡಬೇಕು. ಮೊದಲ ಮೂರು ವಾರ ಒಂದೇ ಸಲ, ಮಾತಾಡುತ್ತಾ ಹತ್ತುವಷ್ಟು ನಿಧಾನ. ಆಮೇಲೆ ಎರಡು ಸಲ. ಕೊನೆಯ ನಾಲ್ಕು ವಾರ ಒಂದು ದಿನ ಎರಡು ಸಲ ಗಡ, ಮರುದಿನವೇ ಖಡಕವಾಸ್ಲಾದಿಂದ ಪಾನ್‌ಶೆತ್‌ವರೆಗೆ ಹಿನ್ನೀರಿನ ಪಕ್ಕದ ಏರಿಳಿತದ ರಸ್ತೆ. ದಣಿದ ಕಾಲಿನ ಮೇಲೆ ಮರುದಿನ ತುಳಿಯುವುದೇ ಅಲ್ಲಿಯ ಆರು ದಿನದ ಅಭ್ಯಾಸ. ಹೊರಡುವ ಮುಂಚಿನ ವಾರ ಅರ್ಧಕ್ಕೆ ಇಳಿಸಿ.

ಹೊಸ 36/46 ಬಂದ ಮೇಲೆ ಗಡದಲ್ಲಿ ಅತಿ ಕಡಿದಾದ ತಿರುವುಗಳಲ್ಲಿ ಕೂತೇ, ನಿಮಿಷಕ್ಕೆ 60–65 ಸುತ್ತು ತುಳಿಯಿರಿ. ಎದ್ದು ನಿಂತು ತುಳಿಯುವ ರೂಢಿ ಇದ್ದರೆ ಈಗಲೇ ಬಿಡಿಸಿಕೊಳ್ಳಿ, ಜಲ್ಲಿಯ ಮೇಲೆ ಎದ್ದ ಕೂಡಲೇ ಹಿಂದಿನ ಗಾಲಿ ಭಾರ ಕಳೆದುಕೊಂಡು ತಿರುಗುತ್ತದೆ. ಮಣ್ಣಿನ ಅಭ್ಯಾಸಕ್ಕೆ ಮಳೆ ಬಿಟ್ಟು ಎರಡು ದಿನ ಬಿಸಿಲು ಬಿದ್ದ ಮೇಲೆ ವೇತಾಳ ಟೇಕಡಿ, ನಡೆಯುವವರು ಕಡಿಮೆ ಇರುವ ಹೊತ್ತಿನಲ್ಲಿ. ಪುಣೆಯ ಹೊರವಲಯದ ಎರೆಮಣ್ಣಿನ ಹೊಲದ ದಾರಿಗೆ ಒದ್ದೆಯಲ್ಲಿ ಇಳಿಯಲೇಬೇಡಿ. ನೂರು ಮೀಟರ್‌ಗೆ ಗಾಲಿ ಫ್ರೇಮಿಗೆ ಕಚ್ಚಿ ನಿಲ್ಲುತ್ತದೆ, ಆಗ ಬಲ ಹಾಕಿ ತುಳಿದರೆ ಡಿರೇಲರ್ ಹ್ಯಾಂಗರ್ ಮುರಿಯುತ್ತದೆ.

---

ಕರ್ವೆನಗರದವ

ಎಲ್ಲರಿಗೂ ಮನಸಾರೆ ಧನ್ಯವಾದ. ಚೈನ್‌ರಿಂಗ್, ಕ್ಯಾಸೆಟ್, ಎರಡು ಹ್ಯಾಂಗರ್ ಆರ್ಡರ್ ಮಾಡಿದೆ. ಒಂದೇ ಸಂಶಯ: ದೊಡ್ಡ ಸುತ್ತಿಗೆ ಎಷ್ಟು ಗಂಟೆಗೆ ಹೊರಡಲಿ?

---

ಜಲ್ಲಿದಾರಿ (ಕೋಥ್ರೂಡ್, ಪುಣೆ)

ಎಂಟಕ್ಕೆ. ಅದಕ್ಕಿಂತ ಮೊದಲು ಕಾಡಿನ ತುಂಡಿನಲ್ಲಿ ಬಿಸಿಲು ಬಿದ್ದಿರುವುದಿಲ್ಲ, ಕೈ ಚಳಿಗೆ ಸೆಟೆಯುತ್ತದೆ. ಹತ್ತೂವರೆಗೆ ಆಲ್ಪಿಸೆಲ್ಲಾ ಮೇಲೆ ಇಲ್ಲದಿದ್ದರೆ ಅಥವಾ ಅಷ್ಟು ಹೊತ್ತಿಗೇ ಮೋಡ ಗೋಪುರದ ಹಾಗೆ ಬೆಳೆಯುತ್ತಿದ್ದರೆ ಬಂದ ದಾರಿಯಲ್ಲೇ ಇಳಿಯಿರಿ. ಒಂದು ಗಂಟೆಗೆ ತೊರ್ರಿ ದಿ ಫ್ರಾಎಲೆ ಸೇರಿದರೆ ಆರ್ನೊಗಾದಿಂದ ಫೊಸ್ಕಾನ್ಯೊ ಹತ್ತಲು ಬೆಳಕು ಬೇಕಾದಷ್ಟಿರುತ್ತದೆ. ಸೆಪ್ಟೆಂಬರ್ ಮೊದಲ ವಾರ ಅಲ್ಲಿ ಸೂರ್ಯ ಮುಳುಗುವುದು ಏಳೂಮುಕ್ಕಾಲರ ಸುಮಾರಿಗೆ, ಆದರೆ ಬೆಟ್ಟದ ನೆರಳು ಹಳ್ಳಿಗೆ ಅದಕ್ಕೂ ಬಹಳ ಮುಂಚೆ ಬೀಳುತ್ತದೆ. ಹಿಂದಿನ ಕೆಂಪು ದೀಪ ಚೀಲದಲ್ಲಿರಲಿ, ಎಯ್ರಾ ಇಳಿತದಲ್ಲಿ ವಾಹನಗಳಿರುತ್ತವೆ.